ಇಪ್ಪತ್ತೈದನೇ ತಾರೀಖಿನ ಪೇಪರು

ಕ್ರೀಡಾ ಪುಟದ ನಡುವೆ ಅಂಗೈ ಅಗಲದ ತೂತು. ಯಾರೋ ಬ್ಲೇಡಿನಿಂದ ಕತ್ತರಿಸಿದ್ದರು.

“ಎಲ್ಲಿ ಸಾರ್ ನಿಮ್ಮ ಸಾಕ್ಷಿ?” ಪಟ್ಟಾಭಿರಾಮ ನಕ್ಕ. ಅವನ ಹಿಂದೆ ಕಾರ್ಖಾನೆಯ ಲೈಬ್ರರಿಯಲ್ಲಿ ನೆರೆದಿದ್ದವರೂ ನಕ್ಕರು.

ಜಯಸಿಂಹನ ಕಿವಿ ಬಿಸಿಯಾಯಿತು. ಪೀಣ್ಯದ ಆ ಕಾರ್ಖಾನೆಯಲ್ಲಿ ಅವನು ಟೂಲ್‌ರೂಮ್ ಸೂಪರ್‌ವೈಸರ್. ಎಪ್ಪತ್ತನೇ ಇಸವಿಯಿಂದ ಗ್ರ್ಯಾಂಡ್ ಪ್ರಿ ಕಾರ್ ರೇಸುಗಳ ಫಲಿತಾಂಶ ಒಂದನ್ನೂ ಬಿಡದೆ ಬರೆದಿಟ್ಟವನು. ಪ್ರೆಸ್ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳು ಹೋದ ಮೇಲೂ ಬಿಡಲಿಲ್ಲ. ಇದೇ ಲೈಬ್ರರಿಯಲ್ಲಿ ಕೂತು ಎಡಗೈಯಲ್ಲಿ ಗೀಚುತ್ತಿದ್ದ.

ಎಪ್ಪತ್ತಾರರ ರಾಜ್ಯೋತ್ಸವದ ಕ್ವಿಜ್‌ನಲ್ಲಿ ಅವನೇ ಕೇಳಿದ್ದ: ಈ ವರ್ಷದ ಬ್ರಿಟಿಷ್ ಗ್ರ್ಯಾಂಡ್ ಪ್ರಿ ಗೆದ್ದವರು ಯಾರು? ಇನ್‌ಸ್ಪೆಕ್ಷನ್ ವಿಭಾಗದ ಪಟ್ಟಾಭಿರಾಮ “ಹಂಟ್” ಎಂದ. “ತಪ್ಪು. ಲೌಡಾ” ಎಂದ ಜಯಸಿಂಹ. ಬಹುಮಾನದ ಕಪ್ಪು ಬೇರೆಯವರ ಕೈಸೇರಿತು.

ಮರುದಿನ ಪಟ್ಟಾಭಿರಾಮ ಮನೆಯಿಂದ ಜುಲೈ ತಿಂಗಳ ಪೇಪರು ತಂದು ಕ್ಯಾಂಟೀನಿನ ಗೋಡೆಗೆ ಅಂಟಿಸಿದ. ಮೊದಲು ಬಂದವನು ಹಂಟ್ ಎಂದೇ ಅದರಲ್ಲಿತ್ತು. ಎರಡು ತಿಂಗಳಾದ ಮೇಲೆ ಹಂಟ್‌ನನ್ನು ಅನರ್ಹಗೊಳಿಸಿ ಗೆಲುವನ್ನು ಲೌಡಾಗೆ ಕೊಟ್ಟರೆಂದು ಜಯಸಿಂಹ ಕೂಗಿ ಹೇಳಿದ. ಸೆಪ್ಟೆಂಬರ್ ಇಪ್ಪತ್ತೈದರ ಪೇಪರಿನಲ್ಲಿ ಕಾರಿನ ಚಿತ್ರದ ಸಮೇತ ಬಂದಿದೆ, ಬನ್ನಿ, ತೋರಿಸುತ್ತೇನೆ ಎಂದು ಎಲ್ಲರನ್ನೂ ಕರೆತಂದ.

ಸಿಕ್ಕಿದ್ದು ತೂತು.

“ಸುಳ್ಳ ಕಣ್ರೋ ಈಯಪ್ಪ,” ಎಂದ ಪಟ್ಟಾಭಿರಾಮ. ಅಂದಿನಿಂದ ಶಾಪ್ ಫ್ಲೋರಿನಲ್ಲಿ ಜಯಸಿಂಹನಿಗೆ “ಲೌಡಾ ಸಾರ್” ಎಂದೇ ಹೆಸರಾಯಿತು. ಹೆಲ್ಪರುಗಳೂ ಬೆನ್ನ ಹಿಂದೆ ಕಿಸಕ್ಕೆನ್ನತೊಡಗಿದರು.

ಪೇಪರಿಗೆ ಬ್ಲೇಡು ಹಾಕಿದವನು ಯಾರೆಂದು ಜಯಸಿಂಹನಿಗೆ ಅನುಮಾನವೇ ಇರಲಿಲ್ಲ. ಲೈಬ್ರರಿಯ ಅಟೆಂಡರ್ ಮುನಿಯಕ್ಕ ಮಗಳ ಬಾಣಂತನಕ್ಕೆಂದು ಅಕ್ಟೋಬರಿನಲ್ಲೇ ಸರ್ಜಾಪುರಕ್ಕೆ ಹೋಗಿದ್ದಳು. ಅಲ್ಲಿಂದೀಚೆಗೆ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಅವನು ಮ್ಯಾನೇಜರಿಗೆ ದೂರು ಕೊಟ್ಟ. ಪಟ್ಟಾಭಿರಾಮನ ಲಾಕರ್ ತೆರೆಸಿದರು. ಒಳಗೊಂದು ಬ್ಲೇಡು ಸಿಕ್ಕಿತು.

“ಪೆನ್ಸಿಲ್ ಚೂಪು ಮಾಡೋಕೆ ಇಟ್ಟಿದ್ದು ಸಾರ್! ಆ ಪೇಪರು ನಾನು ಮುಟ್ಟೇ ಇಲ್ಲ. ನನ್ನ ಮಕ್ಕಳಾಣೆ.”

“ಇವನೇ ಸಾರ್. ನನಗೆ ಗೊತ್ತು,” ಎಂದ ಜಯಸಿಂಹ.

ಕಾಲ ಕೆಟ್ಟದ್ದಾಗಿತ್ತು, ತುರ್ತು ಪರಿಸ್ಥಿತಿಯ ವರ್ಷ. ಯೂನಿಯನ್ನಿನವರು ತುಟಿ ಬಿಚ್ಚಲಿಲ್ಲ. ಡಿಸೆಂಬರಿನೊಳಗೆ ಪಟ್ಟಾಭಿರಾಮನ ಕೆಲಸ ಹೋಯಿತು. ಊಟದ ಡಬ್ಬಿ ಹಿಡಿದು ಗೇಟು ದಾಟುವಾಗ ಅವನೊಮ್ಮೆ ತಿರುಗಿ ನೋಡಿದ. ಜಯಸಿಂಹ ಕಿಟಕಿಯಲ್ಲೇ ನಿಂತು, ಅವನು ರಸ್ತೆಯ ತಿರುವಿನಲ್ಲಿ ಮರೆಯಾಗುವ ತನಕ ಕಣ್ತುಂಬ ನೋಡಿದ. ಆ ಮಧ್ಯಾಹ್ನ ಎರಡು ಹಿಡಿ ಅನ್ನ ಹೆಚ್ಚಿಗೇ ಉಂಡ.

ಜನವರಿಯಲ್ಲಿ ಮುನಿಯಕ್ಕ ಕೆಲಸಕ್ಕೆ ಮರಳಿದಳು. ಮೊದಲ ದಿನವೇ ಟೂಲ್‌ರೂಮಿಗೆ ಬಂದು, ಮೊಮ್ಮಗ ಹುಟ್ಟಿದನೆಂದು ಪೇಡ ಕೊಟ್ಟಳು. ಆಮೇಲೆ ಸೆರಗಿನ ಮರೆಯಿಂದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು.

“ಊರಿಗೋಗೋ ಮುಂಚೇನೇ ಕೊಡ್ಬೇಕಂತಿದ್ದೆ, ಮರ್ತೋಯ್ತು. ಎಡಗೈಯಾಗೆ ಬರ್ಯೋಕೆ ಎಷ್ಟು ಕಷ್ಟ ಬೀಳ್ತಿದ್ರಿ ಸಾರ್! ನಂಗೆ ಇಂಗ್ಲೀಸು ಬರಾಕಿಲ್ಲ. ನೀವು ನೋಡ್ತಿದ್ದ ಕಾರಿನ ಪಟ ಗುರ್ತಿಟ್ಕೊಂಡು, ಅಳೇ ಪೇಪರು ತಾನೇ ಅಂತ, ಎಲ್ಲಾನೂ ನಾನೇ ಬ್ಲೇಡಲ್ಲಿ ಕುಯ್ದು ಅಂಟಿಸಿವ್ನಿ.”