ಹೊಟ್ಟೆಗೆ ಅಂಟಿದ ಅಯಸ್ಕಾಂತ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ರೇಡಿಯೊ ಮಾಮನ ಹೊಟ್ಟೆಗೆ ಅಯಸ್ಕಾಂತವೊಂದು ಅಂಟಿಕೊಂಡಿತು. ತನ್ನ ರೇಡಿಯೊ ರಿಪೇರಿ ಅಂಗಡಿಯ ಹಳೆಯ ಸ್ಪೀಕರಿನಿಂದ ಅವನೇ ಬಿಚ್ಚಿ ತಂದ, ಅಂಗೈಯಗಲದ ಉಂಗುರ. ಆಸ್ಪತ್ರೆಯ ಮಂಚದಿಂದ ಎದ್ದು ನಿಂತು ಕೈ ಬಿಟ್ಟರೂ ಅದು ಬೀಳಲಿಲ್ಲ.

"ಡಾಕ್ಟ್ರೇ, ನಿಮ್ಮ ಕಣಗಳು ಗಡ್ಡೆಗೆ ಹೋಗೋ ದಾರೀಲಿ ಇಲ್ಲೇ ಮನೆ ಮಾಡ್ಕೊಂಡ ಹಾಗಿದೆ," ಎಂದ, ಆದಷ್ಟು ದೀನವಾಗಿ.

ಯುವ ವೈದ್ಯೆಯ ಮುಖ ಬಿಳಿಚಿತು. ಮೂರು ವಾರದ ಹಿಂದೆ ಅವಳೇ ಮಾಮನ ರಕ್ತನಾಳಕ್ಕೆ ಔಷಧ ಹೊತ್ತ ಕಬ್ಬಿಣದ ಕಣಗಳನ್ನು ಬಿಟ್ಟಿದ್ದಳು; ಒಂದೊಂದೂ ಕೂದಲೆಳೆಯ ಸಾವಿರದಲ್ಲೊಂದು ಪಾಲು ದಪ್ಪ. ಕುತ್ತಿಗೆಯ ಮೇಲಿಟ್ಟ ದೊಡ್ಡ ಅಯಸ್ಕಾಂತ ಅವುಗಳನ್ನು ಕ್ಯಾನ್ಸರ್ ಗಡ್ಡೆಯತ್ತ ಸೆಳೆದಿತ್ತು. ನಿಂಬೆಹಣ್ಣಿನಷ್ಟಿದ್ದ ಗಡ್ಡೆ ಈಗ ಗೋಲಿಯಷ್ಟು. ಎರಡನೆಯ ಡೋಸು ಇವತ್ತು ಒಂಬತ್ತಕ್ಕೆ. ಆದರೆ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದಲ್ಲಿತ್ತು. ವಿಚಿತ್ರವಾದದ್ದು ಏನು ಕಂಡರೂ ಕೂಡಲೇ ತಿಳಿಸಬೇಕೆಂಬುದು ಕಟ್ಟಪ್ಪಣೆ. ಅವಳು ಫೋನಿನಲ್ಲಿ ಫೋಟೊ ಹಿಡಿದು, ಎರಡು ಸಾಲು ಬರೆದು, ಸುರಕ್ಷತಾ ಸಮಿತಿಗೆ ಕಳಿಸಿಯೇಬಿಟ್ಟಳು.

ಆಮೇಲೆ ಮಾಮ ಬನಿಯನ್ ಎತ್ತಿ ತೋರಿಸಿದ. ಹೊಟ್ಟೆಯ ಮೇಲೆ ಪ್ಲಾಸ್ಟರಿನಿಂದ ಅಂಟಿಸಿದ್ದ ತಗಡಿನ ಮುಚ್ಚಳ.

"ಈಗಾದ್ರೂ ನಕ್ಕುಬಿಡಿ."

ವೈದ್ಯೆ ಇಂಗು ತಿಂದ ಮಂಗನ ಹಾಗೆ ನಿಂತಳು. "ಮಾಮ, ಕಳಿಸಿಬಿಟ್ಟೆ."

"ಏನನ್ನ?"

"ನಿಮ್ಮ ಹೊಟ್ಟೇನ."

ಮೂಲೆಯ ಕುರ್ಚಿಯಲ್ಲಿದ್ದ ಮಾಮನ ಅಕ್ಕ ಕನ್ನಡಕ ಸರಿಮಾಡಿಕೊಂಡಳು. "ನಿನ್ನೆಯಿಂದ ಬಿಸ್ಕತ್ತು ಡಬ್ಬಿ ಮುಚ್ಚಳ ಹುಡುಕ್ತಿದೀನಿ. ಎಲ್ಲಾ ಮೆತ್ತಗಾಗಿ ಹೋಯ್ತು."

ಹತ್ತೇ ನಿಮಿಷದಲ್ಲಿ ಸಮಿತಿಯ ಉತ್ತರ ಬಂತು. ಡೋಸು ನಿಲ್ಲಿಸಿ, ಯಕೃತ್ತಿನಲ್ಲಿ ಕಬ್ಬಿಣ ಎಷ್ಟು ಉಳಿದಿದೆಯೆಂದು ಸ್ಕ್ಯಾನ್ ಮಾಡಿ. ವೈದ್ಯೆ ಹೊರಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿ ಒಳಗೆ ಬಂದಳು.

"ತಮಾಷೆ ಅಂತ ಹೇಳಿದ್ರಾ?" ಎಂದ ಮಾಮ.

"ಹೇಳಿದೆ. ಹಾಗಾದ್ರೆ ರೋಗಿಯ ತಲೇನೂ ಒಂದ್ಸಲ ಸ್ಕ್ಯಾನ್ ಮಾಡಿ ಅಂದ್ರು."

ಮಾಮ ಕುತ್ತಿಗೆಯ ಗೋಲಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ. "ಹೊತ್ತಿಗೆ ಸರಿಯಾಗಿ ಕೊಡ್ದಿದ್ರೆ ಇದು ಮತ್ತೆ ನಿಂಬೆಹಣ್ಣಾಗುತ್ತೆ ಅಂದಿದ್ದು ನೀವೇ ಅಲ್ವಾ?"

"ನಾನೇ."

"ಕೈಗೆ ಬಂದ ತುತ್ತನ್ನ ಹೊಟ್ಟೆ ತೋರಿಸಿ ಕಳ್ಕೊಂಡ," ಎಂದಳು ಅಕ್ಕ. ಆಮೇಲೆ ವೈದ್ಯೆಯ ಕಡೆ ತಿರುಗಿದಳು. "ಇವನು ಚಿಕ್ಕಂದಿನಿಂದ್ಲೂ ಹೀಗೇ ಕಣಮ್ಮ, ಹೆದರಿಕೆಯಾದ್ರೆ ಕೋತಿ ಚೇಷ್ಟೆ. ಮೊನ್ನೆ ನೀವು ಹೇಳಿದ್ರಲ್ಲ, ಕೆಲಸ ಮುಗಿದ ಮೇಲೆ ಆ ಕಣಗಳನ್ನ ಯಕೃತ್ತು ಕರಗಿಸ್ಕೊಳ್ಳುತ್ತೆ ಅಂದ್ಕೊಂಡಿದ್ದೀವಿ ಅಂತ. ಆ 'ಅಂದ್ಕೊಂಡಿದ್ದೀವಿ' ಅನ್ನೋದನ್ನ ಹಿಡ್ಕೊಂಡು ಆವತ್ತಿನಿಂದ ನಿದ್ದೆ ಮಾಡಿಲ್ಲ."

"ಅಕ್ಕ, ಸುಮ್ನಿರೇ."

ಮಾಮ ವೈದ್ಯೆಯ ಕಡೆ ತಿರುಗಿದ: "ಎಷ್ಟಿದ್ರೆ ಪಾಸು?"

"ಸಾಮಾನ್ಯವಾಗಿ ಯಕೃತ್ತಿನ ಒಂದು ಗ್ರಾಮಿನಲ್ಲಿ ಎರಡು ಮಿಲಿಗ್ರಾಂ ಒಳಗಿರುತ್ತೆ. ನಿಮ್ಮದೂ ಇಷ್ಟೊತ್ತಿಗೆ ಅಷ್ಟಕ್ಕೆ ಇಳಿದಿರುತ್ತೆ."

"ಇಳಿದಿರುತ್ತೋ, ಇಳಿದಿರುತ್ತೆ ಅಂದ್ಕೊಂಡಿದ್ದೀರೋ?"

ವೈದ್ಯೆ ಫೋನಿನಲ್ಲಿ ನಿಯಮಾವಳಿ ತೆರೆದಳು. "ಐದರೊಳಗಿದ್ರೆ ಡೋಸು ಕೊಡಬಹುದು ಅನ್ನುತ್ತೆ ನಿಯಮ. ಐದಾದ್ರೆ ಇಲ್ಲ."

"ಹಾಗಾದ್ರೆ ಐದರೊಳಗಿದ್ರೆ ಇವತ್ತೇ ಕೊಡ್ಬೇಕು. ಮಾತಂದ್ರೆ ಮಾತು."

"ಕೊಡ್ತೀನಿ. ಬೇಡ ಅನ್ನೋ ಹಕ್ಕು ಮಾತ್ರ ನಿಮಗಿದೆ."

"ನಾನ್ಯಾಕೆ ಬೇಡ ಅನ್ಲಿ?"

ಸ್ಕ್ಯಾನಿಗೆ ಮೊದಲು ಪ್ಲಾಸ್ಟರ್ ಕಿತ್ತವಳು ಅಕ್ಕ. ನಿಧಾನವಾಗಿ, ಕೂದಲು ಸಮೇತ.

ಮಧ್ಯಾಹ್ನ ಎರಡಕ್ಕೆ ವೈದ್ಯೆ ಬಂದಳು. ಒಂದು ಕೈಯಲ್ಲಿ ಸಿರಿಂಜಿನ ತಟ್ಟೆ, ಇನ್ನೊಂದರಲ್ಲಿ ವರದಿ. ತಟ್ಟೆ ಕಂಡದ್ದೇ ತಡ ಮಾಮ ತೋಳು ಚಾಚಿ, ಗೆದ್ದವನಂತೆ ಅಕ್ಕನತ್ತ ಹುಬ್ಬು ಹಾರಿಸಿದ.

"ನೀವು ಗೆದ್ರಿ ಮಾಮ," ಎಂದಳು ವೈದ್ಯೆ. ಆಗಲೂ ಅವಳು ನಗಲಿಲ್ಲ. "ಕೊಡ್ಲಾ?"

"ಎಷ್ಟು ಬಂತು?"

ಅವಳು ವರದಿಯನ್ನು ಅವನ ಕಣ್ಣಿಗೆ ಕಾಣುವಂತೆ ಹಿಡಿದಳು. ಅಕ್ಕನೂ ಎದ್ದು ಬಂದು ಬಗ್ಗಿ ನೋಡಿದಳು. ಚಾಚಿದ್ದ ತೋಳು ಮುಂದಕ್ಕೂ ಹೋಗದೆ, ಹಿಂದಕ್ಕೂ ಬಾರದೆ ತಟ್ಟೆಯ ಮೇಲೆ ಹಾಗೆಯೇ ನಿಂತಿತು.

ಒಂದು ಗ್ರಾಮಿಗೆ 4.9 ಮಿಲಿಗ್ರಾಂ.