ತಿರುಗದ ಅಯಾನುಗಳು

ಪ್ರಯೋಗಾಲಯದ ಯಂತ್ರ ನಿಲ್ಲಿಸಲು ಪಿಎಚ್‌ಡಿ ಗೈಡ್ ಕೈ ಚಾಚಿದ ತಕ್ಷಣ ಸಂಶೋಧಕಿ ಸ್ವಿಚ್ಚಿನ ಮೇಲೆ ಅಂಗೈ ಮುಚ್ಚಿ ಹಿಡಿದಳು. ಎರಡು ವಿದ್ಯುದ್ವಾರಗಳ ನಡುವೆ ಜೇನಿನಷ್ಟು ಮಂದವಾದ ಒಂದು ಹನಿಯಿತ್ತು. ನೀರಿಲ್ಲದೆಯೇ ದ್ರವವಾಗಿರುವ ಉಪ್ಪು; ಅದರ ತುಂಬ ವಿದ್ಯುದಾವೇಶ ಹೊತ್ತ ಕಣಗಳು, ಅಯಾನುಗಳು. ವಿದ್ಯುತ್ತಿನ ದಿಕ್ಕು ಬದಲಿಸಿ ಆಗಲೇ ಹೊತ್ತಾಗಿತ್ತು. ಅವುಗಳ ಚಲನೆ ತೋರಿಸುವ ಪರದೆಯ ಮೇಲಿನ ಗೆರೆ ಮಾತ್ರ ಹಳೆಯ ದಿಕ್ಕಿನಲ್ಲೇ ಪಟ್ಟು ಹಿಡಿದು ಕೂತಿತ್ತು.

"ದಿಕ್ಕು ಬದಲಾದ್ರೆ ಅಯಾನುಗಳು ಆಗಿಂದಾಗ್ಲೇ ತಿರುಗ್ಬೇಕು. ನನ್ನ ಪುಸ್ತಕ ಓದಿಲ್ವಾ?" ಎಂದರು ಗೈಡ್.

"ನಾನು ಓದಿದೀನಿ ಸರ್. ಇವು ಓದಿಲ್ಲ. ಒಂದನ್ನೊಂದು ಗಟ್ಟಿಯಾಗಿ ಹಿಡ್ಕೊಂಡಿವೆ, ಅದಕ್ಕೇ ತಿರುಗ್ತಿಲ್ಲ."

"ಹನಿಗೆ ನೀರು ಸೇರಿ ಕೆಟ್ಟಿದೆ, ಅಷ್ಟೆ. ಚೆಲ್ಲು. ಇಲ್ಲಾಂದ್ರೆ ಬೇರೆ ಗೈಡ್ ನೋಡ್ಕೋ!"

ಅವಳ ಅಂಗೈ ಕದಲಲಿಲ್ಲ. ಕೋಣೆಯಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಗೈಡ್ ಏನಂದರೂ "ಹೌದು ಸರ್" ಎನ್ನುತ್ತಿದ್ದ ಸೀನಿಯರ್ ಮಾತ್ರ ಎದ್ದು, ಸ್ಟೂಲನ್ನು ದರದರ ಎಳೆದು ತಂದು, ಅವಳ ಭುಜಕ್ಕೆ ಭುಜ ತಾಗುವಂತೆ ಕೂತಳು.

"ಆ ದ್ರವದ ನೀರಿನ ಪಸೆ ತೆಗೆದಿದ್ದು ನಾನು ಸರ್. ಅದರಲ್ಲಿ ತೊಟ್ಟು ನೀರೂ ಇಲ್ಲ," ಎಂದಳು. ಆಮೇಲೆ ಪರದೆಯತ್ತ ಬಾಗಿದಳು. "ವೋಲ್ಟೇಜ್ ಏರಿಸೇ. ಎಲ್ಲೀವರೆಗೆ ತಡ್ಕೊಳ್ತವೋ ನೋಡೇಬಿಡೋಣ."