ಯೋರಿಸ್ ಬರಲಿಲ್ಲ

ಬ್ರೂಕ್ಲಿನ್ನಿನ ದೋಣಿಕಟ್ಟೆಯಲ್ಲಿ ಅಂಬಿಗ ಯೋರಿಸನ ಪ್ರತಿಮೆಯ ಅನಾವರಣವಿತ್ತು. ಅವನ ವಂಶದಲ್ಲಿ ಉಳಿದವಳು ಹೆಸ್ಟರ್ ಒಬ್ಬಳೇ. ಪರದೆ ಸರಿಸಿ ಮಾತಾಡಬೇಕೆಂದು ಅವಳಿಗೆ ಗವರ್ನರ್ ಕಚೇರಿಯಿಂದ ಆಜ್ಞೆ ಬಂದಿತ್ತು.

ಇನ್ನೂರೈವತ್ತು ವರ್ಷಗಳ ಹಿಂದೆ, ದಂಗೆಯೆದ್ದ ಅಮೆರಿಕನ್ನರ ಸೈನ್ಯವನ್ನು ಬ್ರಿಟಿಷರು ಇದೇ ದಡದಲ್ಲಿ ಸುತ್ತುವರಿದಿದ್ದರು. ನದಿ ದಾಟಿ ತಪ್ಪಿಸಿಕೊಳ್ಳಲು ದೋಣಿಗಳಿದ್ದವು, ಆದರೆ ನದಿಯ ಸೆಳೆತ ಬಲ್ಲವನು ಯೋರಿಸ್ ಒಬ್ಬನೇ. ಕರೆದರೂ ಅವನು ಬರಲಿಲ್ಲ. ಸೈನ್ಯ ಸೆರೆಯಾಯಿತು, ದಂಗೆ ಮುಗಿಯಿತು. ಇವತ್ತಿಗೂ ನ್ಯೂಯಾರ್ಕಿನಲ್ಲಿ ಹಾರುವುದು ಇಂಗ್ಲೆಂಡಿನ ರಾಜನ ಬಾವುಟವೇ. ಸರ್ಕಾರಕ್ಕೆ ಯೋರಿಸ್ ರಾಜಭಕ್ತ, ಊರಿಗೆ ದ್ರೋಹಿ. ಹೆಸ್ಟರಳಿಗೆ ಇಲ್ಲಿ ಯಾರೂ ಬ್ರೆಡ್ಡು ಕೂಡ ಮಾರುವುದಿಲ್ಲ.

ಕಚೇರಿಯವರು ಬರೆದುಕೊಟ್ಟ ಭಾಷಣವನ್ನು ಅವಳು ಮಡಚಿಟ್ಟು ಮೈಕಿನ ಮುಂದೆ ನಿಂತಳು.

“ಯೋರಿಸನಿಗೆ ರಾಜನೂ ಬೇಕಿರಲಿಲ್ಲ, ದಂಗೆಯೂ ಬೇಕಿರಲಿಲ್ಲ. ಅಂದು ಅವನ ಹೆಂಡತಿಗೆ ಹೆರಿಗೆ ನೋವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಮ್ಮ ಮನೆಯ ಬೈಬಲ್ಲಿನ ಖಾಲಿ ಹಾಳೆಯಲ್ಲಿ ಅವನೇ ಹಾಗೆಂದು ಬರೆದಿಟ್ಟಿದ್ದಾನೆ.”

ಗವರ್ನರ್ ಕಚೇರಿಯ ಅಧಿಕಾರಿ ಮೈಕು ಕಿತ್ತುಕೊಂಡ. “ನಾಳೆ ವಿಚಾರಣೆಗೆ ಬಾ,” ಎಂದ.

ಅವಳು ಮೆಟ್ಟಿಲಿಳಿದಾಗ ಮೀನು ಮಾರುವ ಮುದುಕಿ ಅನ್ನೆಕೆ ಅಡ್ಡ ನಿಂತಳು.

“ಮಗು ಉಳಿಯಿತಾ?”

“ಉಳಿಯಿತು. ನಾನು ಅದರ ಸಂತತಿ.”

“ಒಂದು ಕೂಸಿಗಾಗಿ ನಮಗೆ ದೇಶವೇ ಇಲ್ಲದಂತಾಯಿತು,” ಎಂದಳು ಅನ್ನೆಕೆ. “ದ್ರೋಹಿ ಅಂದುಕೊಂಡಿದ್ದಾಗ ಬೈಯಲಿಕ್ಕಾದರೂ ಸುಲಭವಿತ್ತು. ಅದನ್ನೂ ಕಿತ್ತುಕೊಂಡೆಯಲ್ಲ.”

“ನೀವಾಗಿದ್ದರೆ ಹೆರುವವಳನ್ನು ಬಿಟ್ಟು ಎದ್ದು ಹೋಗುತ್ತಿದ್ದಿರಾ?”

ಮೂವರನ್ನು ಹೆತ್ತ ಅನ್ನೆಕೆ ಮುಖ ತಿರುಗಿಸಿದಳು. ಆದರೆ ದಾರಿ ಬಿಡಲಿಲ್ಲ. ಹೆಸ್ಟರ್ ಕೆಸರಿಗಿಳಿದು, ಅವಳನ್ನು ಬಳಸಿಕೊಂಡು ಮನೆಯ ಕಡೆ ನಡೆದಳು.